ಕೇರಿಯ ದನಿ, ತಮ್ಮದೇ ತರಂಗ: ಮಾಚನೂರಿನ ಸಂಘಂ ರೇಡಿಯೊ ನಡೆದು ಬಂದ ದಾರಿ

1956ರ ನವೆಂಬರ್ 1ಕ್ಕೆ ಮೊದಲು ಜಹೀರಾಬಾದ್ ತಾಲ್ಲೂಕು ಬೀದರ್ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಜಹೀರಾಬಾದಿನ ಬಹುಭಾಗ, ನ್ಯಾಲ್ಕಲ್ ಸುತ್ತಲಿನ ಹಳ್ಳಿಗಳು, ನಾರಾಯಣಖೇಡ ತಾಲ್ಲೂಕು ಆಂಧ್ರಪ್ರದೇಶದ ಪಾಲಾಗಿ ಮೆದಕ್ ಜಿಲ್ಲೆ ಸೇರಿದವು. ಈಗ ಅವು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ಗಡಿ ಬಿದ್ದರೂ ಮಣ್ಣು ಬದಲಾಗಲಿಲ್ಲ, ಮಳೆ ಬದಲಾಗಲಿಲ್ಲ. ಆ ಹಳ್ಳಿಗಳ ತೆಲುಗಿನಲ್ಲಿ ಉರ್ದು ಬೆರೆತಿದೆ, ಅಂಚಿನ ಊರುಗಳಲ್ಲಿ ಕನ್ನಡವೂ ಕೇಳುತ್ತದೆ. ಅಲ್ಲಿನ ಹೊಲಗಳಲ್ಲಿ ಬೆಳೆಯುವ ಜೋಳ, ನವಣೆ, ಸಾಮೆ, ತೊಗರಿ ನಮ್ಮ ಬೀದರ್, ಕಲಬುರಗಿಯ ಹೊಲಗಳಿಗೆ ಹೊಸವಲ್ಲ. ಈ ಸ್ಮರಣ ಸಂಚಿಕೆಯಲ್ಲಿ ಕನ್ನಡದ ಓದುಗರ ಮುಂದೆ ಇಡುತ್ತಿರುವ ಸಂಸ್ಥೆಯ ಚರಿತ್ರೆ ಆ ಮಣ್ಣಿನದು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರು ಕಟ್ಟಿದ ವಿಡಿಯೊ ತಂಡ ಮತ್ತು ಅವರೇ ನಡೆಸುವ ಸಂಘಂ ರೇಡಿಯೊ ನಡೆದು ಬಂದ ದಾರಿ ಇದು.

ಈ ಚರಿತ್ರೆಯನ್ನು ಮೈಕಿನಿಂದಾಗಲಿ ಕ್ಯಾಮೆರಾದಿಂದಾಗಲಿ ಶುರು ಮಾಡಿದರೆ ದಾರಿ ತಪ್ಪುತ್ತದೆ. ಶುರು ಮಾಡಬೇಕಾದದ್ದು ಜಮೀನಿನಿಂದ. ಭೂಸುಧಾರಣೆಯ ಕಾಲದಲ್ಲಿ ಇಲ್ಲಿನ ದಲಿತ ಕುಟುಂಬಗಳಿಗೆ ಒಂದೋ ಎರಡೋ ಎಕರೆ ಸಿಕ್ಕಿದ್ದುಂಟು. ಸಿಕ್ಕಿದ್ದು ಕಲ್ಲು ತುಂಬಿದ, ತೇವ ನಿಲ್ಲದ ಕೆಂಪು ನೆಲ. ಉಳುವುದಕ್ಕೆ ಎತ್ತಿಲ್ಲ, ಬಿತ್ತುವುದಕ್ಕೆ ಬೀಜವಿಲ್ಲ. ಹೊಲ ಬೀಳುಬಿತ್ತು, ಹೊಲದ ಒಡತಿ ಬೇರೆಯವರ ಹೊಲಕ್ಕೆ ಕೂಲಿಗೆ ಹೋದಳು. ಸಾಲಕ್ಕಾಗಿ ಮಗನನ್ನು ಜೀತಕ್ಕಿಟ್ಟ ಮನೆಗಳೂ ಇದ್ದವು. ನಿಜಾಮನ ಆಡಳಿತ 1948ರಲ್ಲಿ ಮುಗಿದಿತ್ತು. ಕೇರಿಯ ಮಟ್ಟಿಗೆ ಪಟೇಲನ ಮನೆಯ ಜಗಲಿ ಇದ್ದಲ್ಲೇ ಇತ್ತು.

1983ರಲ್ಲಿ ಪಸ್ತಾಪುರ ಎಂಬ ಹಳ್ಳಿಯನ್ನು ನೆಲೆ ಮಾಡಿಕೊಂಡು ಸೊಸೈಟಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್, ಅಂದರೆ ಪಿರಿಯಾಪಟ್ಟಣ ವೆಂಕಟಸುಬ್ಬಯ್ಯ ಸತೀಶ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು. ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಪತ್ರಿಕೋದ್ಯಮ ಕಲಿತು, ದೂರದರ್ಶನದಲ್ಲಿ ಸುಮಾರು ಎರಡು ದಶಕ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. ಅವರ ದೂರದರ್ಶನದ ದಿನಗಳನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಮುಂದೆ ಆದದ್ದೆಲ್ಲ ಒಂದು ರೀತಿಯಲ್ಲಿ ಅದಕ್ಕೆ ಕೊಟ್ಟ ಉತ್ತರ.

1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತ ಸರ್ಕಾರ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿತು. ‘ಸೈಟ್’ ಎಂದು ಹೆಸರಾದ ಪ್ರಯೋಗ ಅದು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆಂಧ್ರದ ಕಡೆ ಮೆದಕ್ ಕೂಡ ಇತ್ತು. ವಿದ್ಯುತ್ತೇ ಸರಿಯಾಗಿ ಕಾಣದ ಊರಿನಲ್ಲಿ ಶಾಲೆಯ ಮುಂದೆ ಪೆಟ್ಟಿಗೆ ಇಟ್ಟು, ಬಲೆಯಂಥ ಆಂಟೆನಾ ಆಕಾಶಕ್ಕೆ ತಿರುಗಿಸಿ, ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ಪಾಠ ಹೇಳಿದರು. ಆ ಕೆಲಸದಲ್ಲಿ ಸತೀಶ್ ಕೂಡ ಇದ್ದರು. ತಂತ್ರಜ್ಞಾನದ ಸಾಧನೆಯಾಗಿ ಅದು ದೊಡ್ಡದು, ಅದರಲ್ಲಿ ದುಡಿದವರ ಕಳಕಳಿಯೂ ನಿಜ. ಆದರೆ ಮಾತಿಗೆ ಒಂದೇ ದಿಕ್ಕಿತ್ತು. ಬಲ್ಲವರು ಮೇಲೆ, ಕೇಳುವವರು ಕೆಳಗೆ. ಹಳ್ಳಿಯ ಹೆಂಗಸಿಗೂ ಹೇಳುವುದಿರಬಹುದು ಎಂಬುದಕ್ಕೆ ಆ ಏರ್ಪಾಡಿನಲ್ಲಿ ಜಾಗವೇ ಇರಲಿಲ್ಲ. ಅದೇ ಮೆದಕ್ಕಿನ ಕೇರಿಗಳ ಹೆಂಗಸರು ಕಾಲು ಶತಮಾನ ಕಳೆಯುವುದರೊಳಗೆ ಕ್ಯಾಮೆರಾ ಹಿಡಿದು ನಿಂತರು.

ನಡುವಿನ ಆ ವರ್ಷಗಳಲ್ಲಿ ನಡೆದದ್ದು ಹೊಲದ ಕೆಲಸ. ಹಳ್ಳಿ ಹಳ್ಳಿಯಲ್ಲೂ ಹೆಂಗಸರ ಸಂಘಗಳಾದವು. ಕಾಲಕ್ರಮದಲ್ಲಿ ಸುಮಾರು 75 ಹಳ್ಳಿಗಳ 5,000ದಷ್ಟು ಹೆಂಗಸರು, ಬಹುಪಾಲು ದಲಿತರು, ಸಂಘದೊಳಗೆ ಬಂದರು. ಬೀಳುಬಿದ್ದ ನೆಲದ ಕಲ್ಲು ಆರಿಸಿದರು, ಬದು ಹಾಕಿದರು, ಗೊಬ್ಬರ ಹೊತ್ತರು. ನೀರಾವರಿ ಕೇಳದ, ಅಂಗಡಿಯ ಗೊಬ್ಬರ ಬೇಡದ ಸಿರಿಧಾನ್ಯಗಳನ್ನು ಬೇಳೆಕಾಳುಗಳ ಜೊತೆ ಅಕ್ಕಡಿ ಸಾಲಿನಲ್ಲಿ ಬಿತ್ತಿದರು. ಬೂದಿ ಮತ್ತು ಬೇವಿನೆಲೆ ಬೆರೆಸಿ, ಸಗಣಿ ಮೆತ್ತಿದ ಬುಟ್ಟಿಗಳಲ್ಲಿ ಬೀಜ ಕಾದಿರಿಸಿ ಊರೂರಿನ ಬೀಜದ ಕಣಜ ಮಾಡಿಕೊಂಡರು. 1990ರ ದಶಕದ ನಡುವಿನಲ್ಲಿ ಇನ್ನೊಂದು ದಿಟ್ಟ ಹೆಜ್ಜೆ ಇಟ್ಟರು. ಸರ್ಕಾರದ ಪಡಿತರ ಅಂಗಡಿ ಅಕ್ಕಿಯನ್ನಷ್ಟೇ ಕೊಡುತ್ತ ಜೋಳವನ್ನು ಊಟದ ಎಲೆಯಿಂದಲೇ ಓಡಿಸುತ್ತಿದ್ದಾಗ, ತಮ್ಮದೇ ಜೋಳದ ಪಡಿತರ ಪದ್ಧತಿ ಕಟ್ಟಿದರು. ಬೀಳು ನೆಲವನ್ನು ಹಸನು ಮಾಡಲು ಸಾಲ ಪಡೆದವರು ಅದನ್ನು ಜೋಳದ ರೂಪದಲ್ಲಿ ಸಂಘಕ್ಕೆ ಅಳೆಯಬೇಕು. ಆ ಜೋಳ ಊರಿನ ಕಡುಬಡವರಿಗೆ ಅಗ್ಗದ ಬೆಲೆಗೆ ಹೋಗಬೇಕು. ಯಾರು ಕಡುಬಡವರು ಎಂಬುದನ್ನು ಊರೇ ಕೂತು ತೀರ್ಮಾನಿಸಬೇಕು.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಸಮುದಾಯ ಮಾಧ್ಯಮದ ಬಗ್ಗೆ ಬರೆಯುವವರು ಅದನ್ನು ತರಬೇತಿ ಶಿಬಿರದಿಂದ, ಬಂದ ಉಪಕರಣದಿಂದ, ದಾನಿ ಸಂಸ್ಥೆಯ ಹೆಸರಿನಿಂದ ಶುರು ಮಾಡುತ್ತಾರೆ. ಉಪಕರಣ ಕೊಟ್ಟ ಮೇಲೂ ಸೊಲ್ಲೆತ್ತದೆ ಉಳಿದ ಕೇಂದ್ರಗಳು ದೇಶದಲ್ಲಿ ಬೇಕಾದಷ್ಟಿವೆ. ಪಸ್ತಾಪುರದಲ್ಲಿ ದನಿ ಬಂದದ್ದು ಕೊನೆಯಲ್ಲಿ. ಮೊದಲು ನೆಲ, ಆಮೇಲೆ ಕಾಳು, ಆಮೇಲೆ ಬೀಜ, ಆಮೇಲೆ ಮಾತು. ಬೀಜಕ್ಕಾಗಿ ಯಾರ ಮುಂದೂ ಕೈ ಒಡ್ಡಬೇಕಿಲ್ಲ ಎಂದಾದ ಹೆಂಗಸು ಮೈಕಿನ ಮುಂದೆ ಕೂತಾಗ ಹೆದರುವುದಕ್ಕೆ ಕಾರಣಗಳು ಕಡಿಮೆ. ಸಂಸ್ಥೆ ತನ್ನ ಗುರಿಗಳನ್ನು ಸ್ವಾಧೀನದ ಭಾಷೆಯಲ್ಲಿ ಹೇಳಿಕೊಂಡಿದೆ: ಆಹಾರದ ಮೇಲೆ, ಬೀಜದ ಮೇಲೆ, ನೆಲಜಲದ ಮೇಲೆ, ಮಾರುಕಟ್ಟೆಯ ಮೇಲೆ, ಅವುಗಳ ಜೊತೆಗೇ ಮಾಧ್ಯಮದ ಮೇಲೆ ಸ್ವಾಧೀನ. ಈ ಐದರಲ್ಲಿ ಒಂದನ್ನು ತೆಗೆದರೆ ಉಳಿದವು ಸಡಿಲವಾಗುತ್ತವೆ ಎಂಬುದು ಅವರ ಅನುಭವ. ವಸಾಹತುಶಾಹಿಯ ಹಿಡಿತ ಬಿಡಿಸಿಕೊಳ್ಳುವುದು ಎಂಬ ಮಾತು ವಿಶ್ವವಿದ್ಯಾಲಯಗಳಲ್ಲಿ ಬಹಳ ಓಡಾಡುತ್ತದೆ. ಕೇರಿಯ ಹೆಂಗಸಿಗೆ ಆ ಹಿಡಿತ ಬ್ರಿಟಿಷರದ್ದು ಮಾತ್ರವಲ್ಲ, ಪಟೇಲನದ್ದೂ ಹೌದು, ಅವಳ ಜೋಳವನ್ನು ಒರಟು ಧಾನ್ಯವೆಂದು ಕೀಳುಗಳೆದ ಕೃಷಿ ವಿಜ್ಞಾನದ್ದೂ ಹೌದು. ಒಂದೇ ಹೋರಾಟದಲ್ಲಿ ಮೂವರನ್ನೂ ಎದುರಿಸಿದ್ದು ಈ ಸಂಘಗಳ ದೊಡ್ಡತನ.

ವಿಡಿಯೊ ಕಲಿಕೆ 1990ರ ದಶಕದ ಕೊನೆಯಲ್ಲಿ ಶುರುವಾಯಿತು. ಕಲಿತವರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೂಲಿ ಮಾಡುತ್ತ, ಹೊಲ ನೋಡಿಕೊಳ್ಳುತ್ತ, ಮಕ್ಕಳನ್ನು ಸಾಕುತ್ತ ಕಲಿತರು. 2001ರಲ್ಲಿ ಈ ತಂಡ ‘ಕಮ್ಯುನಿಟಿ ಮೀಡಿಯಾ ಟ್ರಸ್ಟ್’ ಎಂಬ ಸ್ವಂತ ಸಂಸ್ಥೆಯಾಯಿತು. ಹುಮ್ನಾಪುರದ ಲಕ್ಷ್ಮಮ್ಮ ಅವರಂಥವರು ದೇಶವಿದೇಶದ ಸಭೆಗಳಲ್ಲಿ ತಮ್ಮ ಚಿತ್ರ ತೋರಿಸಿ ಮಾತನಾಡುವಷ್ಟು ಬೆಳೆದರು.

ಈ ಹೆಂಗಸರು ಕ್ಯಾಮೆರಾದ ಕೋನಗಳಿಗೆ ತಾವೇ ಹೆಸರಿಟ್ಟುಕೊಂಡ ಸಂಗತಿ ಸಮುದಾಯ ಮಾಧ್ಯಮದ ವಲಯದಲ್ಲಿ ಹೆಸರುವಾಸಿ. ಸಿನಿಮಾ ಶಾಲೆಯ ಪಾಠ ಹೀಗೆ ಹೇಳುತ್ತದೆ: ಕೆಳಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾ ವ್ಯಕ್ತಿಯನ್ನು ದೊಡ್ಡದಾಗಿ ತೋರಿಸುತ್ತದೆ, ಮೇಲಿನಿಂದ ಕೆಳಕ್ಕೆ ನೋಡಿದರೆ ಕುಗ್ಗಿಸುತ್ತದೆ. ಇದನ್ನು ಅವರಿಗೆ ಯಾರೂ ಉರು ಹೊಡೆಸಬೇಕಾಗಲಿಲ್ಲ. ಜಗಲಿಯ ಮೇಲೆ ಕೂತ ಧಣಿಯನ್ನು ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿದ್ದೇ ಅವರ ಬದುಕಾಗಿತ್ತು. ಆದ್ದರಿಂದ ಮೊದಲನೆಯದು ‘ಪಟೇಲ್ ಶಾಟ್’ ಆಯಿತು. ಎರಡನೆಯದು ಧಣಿ ಆಳನ್ನು ನೋಡುವ ನೋಟ. ಅದಕ್ಕೆ ಗುಲಾಮನ ಶಾಟ್ ಎಂದರು. ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಮಟ್ಟದಲ್ಲಿ ಕೂರುತ್ತಾರೆ, ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡುತ್ತಾರೆ. ಕಣ್ಣಿನ ಮಟ್ಟದ ಆ ನೋಟಕ್ಕೆ ‘ಸಂಘಂ ಶಾಟ್’ ಎಂದು ಹೆಸರಿಟ್ಟು, ತಮ್ಮ ಚಿತ್ರಗಳನ್ನು ಹೆಚ್ಚಾಗಿ ಅದರಲ್ಲೇ ತೆಗೆಯಬೇಕೆಂದುಕೊಂಡರು. ಅವರ ಚಿತ್ರಗಳನ್ನು ನೋಡುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ರೈತ ಕೂತಿದ್ದರೆ ಕ್ಯಾಮೆರಾ ಹಿಡಿದವಳೂ ಕೂತಿರುತ್ತಾಳೆ. ಬಡವರ ಬಗ್ಗೆ ನಗರದವರು ತೆಗೆದ ಎಷ್ಟೋ ಒಳ್ಳೆಯ ಸಾಕ್ಷ್ಯಚಿತ್ರಗಳಲ್ಲೂ ಕ್ಯಾಮೆರಾ ನಿಂತೇ ಇರುತ್ತದೆ. ಯಾವ ಕೋನದಿಂದ ನೋಡಿದರೆ ಮನುಷ್ಯ ಮನುಷ್ಯನಾಗಿ ಕಾಣುತ್ತಾನೆ ಎಂಬ ಪ್ರಶ್ನೆಗೆ ಈ ಹೆಂಗಸರು ಕಂಡುಕೊಂಡ ಉತ್ತರ ಸಿನಿಮಾ ಕಲಿಸುವ ಎಲ್ಲ ಶಾಲೆಗಳ ಪಾಠದಲ್ಲೂ ಇರಬೇಕಾದದ್ದು.

ತಂಡದ ಹೆಸರು ದೂರಕ್ಕೆ ಹೋದದ್ದು ಹತ್ತಿಯಿಂದ. 2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಅನುಮೋದನಾ ಸಮಿತಿ ಮಹಿಕೊ–ಮಾನ್ಸಾಂಟೊ ಕಂಪನಿಯ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ದೇಶದಲ್ಲಿ ವಾಣಿಜ್ಯವಾಗಿ ಬಂದ ಮೊದಲ ಕುಲಾಂತರಿ ಬೆಳೆ ಅದು. ಆ ಮುಂಗಾರಿನಲ್ಲೇ ಜಹೀರಾಬಾದಿನಿಂದ ಇನ್ನೂರು ಕಿಲೋಮೀಟರಿಗೂ ಆಚೆಯ ವಾರಂಗಲ್ಲಿನ ರೈತರು ಅದನ್ನು ಬಿತ್ತಿದರು. ಕಂಪನಿಯ ಜಾಹೀರಾತು ಎಲ್ಲೆಡೆ ಇತ್ತು. ಹೊಲದಲ್ಲಿ ಏನಾಗುತ್ತಿದೆ ಎಂಬುದನ್ನು ತಿಂಗಳು ತಿಂಗಳೂ ಹೋಗಿ ನೋಡುವವರು ಬೇಕಾಗಿದ್ದರು. ಆ ಕೆಲಸವನ್ನು ಈ ಹೆಂಗಸರು ಎತ್ತಿಕೊಂಡರು. ಬಿತ್ತನೆಯಿಂದ ಹತ್ತಿ ಬಿಡಿಸುವವರೆಗೂ ಅದೇ ಸಣ್ಣ ರೈತರ ಹೊಲಗಳಿಗೆ ಮತ್ತೆ ಮತ್ತೆ ಹೋಗಿ ಚಿತ್ರಿಸಿದರು. ಬೀಜದ ಬೆಲೆ ಎಷ್ಟಾಯಿತು, ಔಷಧಿ ಹೊಡೆಯುವುದು ನಿಜಕ್ಕೂ ಕಡಿಮೆಯಾಯಿತೆ, ಕಾಯಿ ಎಷ್ಟು ಕಟ್ಟಿತು, ಮಾರುಕಟ್ಟೆಯಲ್ಲಿ ಏನು ಸಿಕ್ಕಿತು ಎಂದು ಕೇಳಿದರು. ಕೇಳುತ್ತಿದ್ದವರು ಸ್ವತಃ ಬೇಸಾಯದವರಾದ್ದರಿಂದ ಆ ಪ್ರಶ್ನೆಗಳಲ್ಲಿ ಪತ್ರಕರ್ತರ ಅವಸರವಿಲ್ಲ. ಋತುವಿನ ಆರಂಭದಲ್ಲಿ ಭರವಸೆಯಿಂದ ಮಾತನಾಡಿದ ರೈತನ ಮುಖ ತಿಂಗಳಿಂದ ತಿಂಗಳಿಗೆ ಬದಲಾಗುವುದನ್ನು ಅವರ ಕ್ಯಾಮೆರಾ ಹಿಡಿಯಿತು. ‘ವಾರಂಗಲ್ ರೈತರು ಬಿಟಿ ಹತ್ತಿಯ ಮೇಲೆ ಏಕೆ ಸಿಟ್ಟಾಗಿದ್ದಾರೆ?’ ಎಂಬ ಅರ್ಥದ ಹೆಸರು ಹೊತ್ತ ಆ ಚಿತ್ರ 2003ರಲ್ಲಿ ಬಂತು, ಹಲವು ಭಾಷೆಗಳಿಗೆ ಹೋಯಿತು.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಸಂಸ್ಥೆಯ ಜೊತೆ ಅಬ್ದುಲ್ ಖಯ್ಯೂಂ ಮತ್ತು ಕಿರಣ್ ಸಖಾರಿ ಎಂಬ ಕೃಷಿ ವಿಜ್ಞಾನಿಗಳು ಅದೇ ಪ್ರದೇಶದ ಲೆಕ್ಕಾಚಾರ ಮಾಡುತ್ತಿದ್ದರು. ಹೆಂಗಸರ ಚಿತ್ರಗಳು ಆ ಲೆಕ್ಕದ ಹಿಂದಿನ ಜನರನ್ನು ತೋರಿಸಿದವು. 2005ರಲ್ಲಿ ಮೂರು ವರ್ಷದ ಅನುಭವವನ್ನು ಒಟ್ಟುಗೂಡಿಸಿದ ಇನ್ನೊಂದು ಚಿತ್ರ ಬಂತು. ಅದೇ ವರ್ಷ ಆಂಧ್ರಪ್ರದೇಶದಲ್ಲಿ ಮಹಿಕೊದ ಮೂರು ಬಿಟಿ ತಳಿಗಳ ಅನುಮತಿ ನವೀಕರಣವಾಗಲಿಲ್ಲ. ಚಿತ್ರದಿಂದಲೇ ಹೀಗಾಯಿತು ಎಂದರೆ ಅತಿಯಾದೀತು. ರೈತರ ಪರಿಹಾರದ ಬೇಡಿಕೆ, ರಾಜ್ಯ ಸರ್ಕಾರದ ಅತೃಪ್ತಿ ಎಲ್ಲವೂ ಸೇರಿದ್ದವು. ಆದರೆ ನಾಲ್ಕು ಗೋಡೆಯ ಸಮಿತಿಯಲ್ಲಿ ಮುಗಿಯಬಹುದಾಗಿದ್ದ ಚರ್ಚೆಗೆ ಹೊಲದ ಸಾಕ್ಷ್ಯ ತಂದವರಲ್ಲಿ ಇವರು ಮೊದಲಿಗರು. 2007ರ ಚಿತ್ರಕ್ಕಾಗಿ ದಕ್ಷಿಣ ಆಫ್ರಿಕಾ, ಮಾಲಿ, ಇಂಡೋನೇಷ್ಯಾದ ಹತ್ತಿ ಬೆಳೆಗಾರರ ಕಥೆಯನ್ನೂ ಕೂಡಿಸಿದರು. ಕೇರಿಯ ಹೆಂಗಸು ಆಫ್ರಿಕಾದ ರೈತನ ಮಾತು ಕೇಳುವುದಕ್ಕೆ ಲಂಡನ್ನಿನ ಅಥವಾ ನ್ಯೂಯಾರ್ಕಿನ ಸುದ್ದಿಮನೆಯ ಮಧ್ಯಸ್ಥಿಕೆ ಬೇಕಾಗಲಿಲ್ಲ. ಇಡೀ ಚರಿತ್ರೆಯಲ್ಲಿ ನನ್ನನ್ನು ಬಹಳವಾಗಿ ತಟ್ಟುವ ಸಂಗತಿ ಇದು.

ಇನ್ನು ರೇಡಿಯೊ. ಕ್ಯಾಮೆರಾ ಹಿಡಿಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಗಾಳಿಯಲ್ಲಿ ಮಾತನಾಡಲು ಬೇಕಿತ್ತು. ಸ್ವತಂತ್ರ ಭಾರತದ ಆಕಾಶವನ್ನು ಆಳಿದ್ದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ. ಸಂದೇಶ ಸಾಗಿಸುವ ಹಕ್ಕೆಲ್ಲ ಸರ್ಕಾರದ್ದು ಎಂದು ಬ್ರಿಟಿಷರು ಬರೆದಿಟ್ಟ ಕಾಯ್ದೆಗೆ ಮುಂದೆ ನಿಸ್ತಂತುವೂ ಸೇರಿಕೊಂಡಿತು. ಬ್ರಿಟಿಷರು ಹೋದರು, ಕಾಯ್ದೆ ಉಳಿಯಿತು. ಬಾನುಲಿ ಕೇಂದ್ರ ಸರ್ಕಾರದ ಏಕಸ್ವಾಮ್ಯವಾಯಿತು. ಮೈಸೂರಿನವರಿಗೆ ಇದರ ಕಹಿ ಇನ್ನಷ್ಟು ಗೊತ್ತಾಗಬೇಕು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಸಣ್ಣ ಪ್ರಸಾರ ಯಂತ್ರದಲ್ಲಿ ಕೇಂದ್ರ ಶುರು ಮಾಡಿದ್ದರು. ಮನೆಯೊಂದರಿಂದ ಬಾನುಲಿ ನಡೆಸಬಹುದು ಎಂದು ನಾವು ಆಗಲೇ ಕಂಡಿದ್ದೆವು. ಆಮೇಲೆ ಅರವತ್ತು ವರ್ಷ ಅದನ್ನು ಮರೆಸಲಾಯಿತು.

ಬಾಗಿಲು ತೆರೆದದ್ದು ಕ್ರಿಕೆಟ್ ಮೊಕದ್ದಮೆಯಿಂದ. 1993ರ ಹೀರೊ ಕಪ್ ಪಂದ್ಯಗಳನ್ನು ಯಾರು ಪ್ರಸಾರ ಮಾಡಬೇಕೆಂದು ಬಂಗಾಳದ ಕ್ರಿಕೆಟ್ ಸಂಘಕ್ಕೂ ಸರ್ಕಾರಕ್ಕೂ ಜಗಳವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಪಿ.ಬಿ. ಸಾವಂತ್, ಎಸ್. ಮೋಹನ್, ಬಿ.ಪಿ. ಜೀವನ್ ರೆಡ್ಡಿ ಅವರ ಪೀಠ, ತರಂಗಗಳು ಸಾರ್ವಜನಿಕ ಆಸ್ತಿ, ಅವು ಸರ್ಕಾರದ ಸ್ವತ್ತಲ್ಲ ಎಂದು ತೀರ್ಪಿತ್ತಿತು. ಇದರ ಬೆನ್ನಿಗೇ 1996ರಲ್ಲಿ ಬೆಂಗಳೂರಿನ ‘ವಾಯ್ಸಸ್’ ಸಂಸ್ಥೆ ಕರೆದ ಸಭೆಯಿಂದ ಸಮುದಾಯ ರೇಡಿಯೊ ಬೇಕೆಂಬ ಬೆಂಗಳೂರು ಘೋಷಣೆ ಹೊರಬಂತು. 2000ದ ಜುಲೈನಲ್ಲಿ ಯುನೆಸ್ಕೊ ನೆರವಿನ ಕಾರ್ಯಾಗಾರದ ಕೊನೆಗೆ ಬಂದ ಬೇಡಿಕೆ ಪತ್ರ ‘ಪಸ್ತಾಪುರ ಇನಿಶಿಯೇಟಿವ್’ ಎಂಬ ಹೆಸರನ್ನೇ ಪಡೆಯಿತು. ಸರ್ಕಾರದ್ದು ಒಂದು, ಖಾಸಗಿಯವರದು ಇನ್ನೊಂದು, ಸಮುದಾಯದ್ದು ಮೂರನೆಯದು ಎಂದು ಪ್ರಸಾರಕ್ಕೆ ಮೂರು ಅಂಕಣ ಇರಬೇಕೆಂಬುದು ಅದರ ಸಾರ.

ಅಷ್ಟರಲ್ಲಿ ಸಂಘದ ಹಳ್ಳಿಗಳಲ್ಲೊಂದಾದ ಮಾಚನೂರಿನಲ್ಲಿ ಯುನೆಸ್ಕೊ ನೆರವಿನಿಂದ ರೇಡಿಯೊ ಕೇಂದ್ರದ ಕಟ್ಟಡವೂ ಸ್ಟುಡಿಯೊ ಉಪಕರಣವೂ ಸಿದ್ಧವಾಗಿ ನಿಂತಿದ್ದವು. ಪರವಾನಗಿ ಮಾತ್ರ ಇರಲಿಲ್ಲ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಹಾಡು ಹಾಕತೊಡಗಿತು. ಅವರು ಹರಾಜಿನಲ್ಲಿ ಹಣ ಕಟ್ಟಿದ್ದರು. 2002ರ ಕೊನೆಯಲ್ಲಿ ಸರ್ಕಾರ ಸಮುದಾಯ ರೇಡಿಯೊ ಎಂದು ಕರೆದು ಒಂದು ನೀತಿ ತಂದಿತು, ಆದರೆ ಅವಕಾಶ ಕೊಟ್ಟದ್ದು ಪ್ರತಿಷ್ಠಿತ ವಿದ್ಯಾಸಂಸ್ಥೆಗಳಿಗೆ ಮಾತ್ರ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಶುರುವಾಯಿತು. ಹಣ ಇದ್ದವರಿಗೆ ಗಾಳಿ ಸಿಕ್ಕಿತು, ಪದವಿ ಇದ್ದವರಿಗೂ ಸಿಕ್ಕಿತು. ಎರಡೂ ಇಲ್ಲದ ಮಾಚನೂರಿನ ಹೆಂಗಸರು ಕಾದರು.

ಕೈ ಕಟ್ಟಿ ಕಾಯಲಿಲ್ಲ ಎಂಬುದನ್ನು ಇಲ್ಲಿ ಬರೆದಿಡಬೇಕು. ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ, ಕ್ಯಾಸೆಟ್ ಮಾಡಿ, ಹಳ್ಳಿಯ ಸಂಘಗಳಿಗೆ ಒಯ್ದರು. ಸಂಜೆಯ ಸಭೆಯಲ್ಲಿ ಟೇಪ್ ರೆಕಾರ್ಡರ್ ಹಾಕಿ ಎಲ್ಲರೂ ಕೂತು ಕೇಳಿದರು, ಚರ್ಚಿಸಿದರು, ತಪ್ಪಿದ್ದನ್ನು ತಿದ್ದಿದರು. ತರಂಗವಿಲ್ಲದ ಈ ರೇಡಿಯೊ ವರ್ಷಗಟ್ಟಲೆ ನಡೆಯಿತು. ಇದೇ ಕಾಲದಲ್ಲಿ ನಮ್ಮ ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಇನ್ನೊಂದು ಉಪಾಯ ಹೂಡಿತು. ವಾಯ್ಸಸ್, ಮೈರಾಡ, ಯುನೆಸ್ಕೊ ನೆರವಿನ ಈ ಕೇಂದ್ರ, ಗಾಳಿಯಲ್ಲಿ ಬಿಡುವಂತಿಲ್ಲ ಎಂದರೆ ತಂತಿಯಲ್ಲಿ ಬಿಡೋಣ ಎಂದು ಊರಿನ ಕೇಬಲ್ ಟಿ.ವಿ. ಜಾಲದ ಮೂಲಕ ಧ್ವನಿ ಕಾರ್ಯಕ್ರಮಗಳನ್ನು ಮನೆಗಳಿಗೆ ಮುಟ್ಟಿಸಿತು. ಕಛ್‌ನಲ್ಲಿ, ಜಾರ್ಖಂಡಿನಲ್ಲಿ ಜನ ಆಕಾಶವಾಣಿಯ ಸಮಯವನ್ನೇ ಕೊಂಡು ಕಾರ್ಯಕ್ರಮ ಮಾಡಿದರು. ಪರವಾನಗಿ ಕೊಡದಿದ್ದ ಆ ವರ್ಷಗಳಲ್ಲಿ ಹುಟ್ಟಿದ ಈ ಉಪಾಯಗಳೇ ಚಳವಳಿಯ ನಿಜವಾದ ಬಂಡವಾಳ. ವಿನೋದ್ ಪಾವರಾಲ ಮತ್ತು ಕಾಂಚನ್ ಮಲಿಕ್ 2007ರ ತಮ್ಮ ಪುಸ್ತಕದಲ್ಲಿ ಇವನ್ನೆಲ್ಲ ದಾಖಲಿಸಿದ್ದಾರೆ.

2006ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಹೊಸ ಮಾರ್ಗಸೂಚಿಗೆ ಒಪ್ಪಿತು. ಸರ್ಕಾರೇತರ ಸಂಸ್ಥೆಗಳೂ ಅರ್ಜಿ ಹಾಕಬಹುದು, ಪ್ರಸಾರದ ಶಕ್ತಿ 100 ವ್ಯಾಟ್, ಗೋಪುರದ ಎತ್ತರ 30 ಮೀಟರ್ ಮೀರಬಾರದು, ಗಂಟೆಗೆ ಐದು ನಿಮಿಷ ಜಾಹೀರಾತು ಹಾಕಬಹುದು, ಸುದ್ದಿ ಹೇಳಬಾರದು. ಅರ್ಜಿ ಗೃಹ, ರಕ್ಷಣಾ, ದೂರಸಂಪರ್ಕ ಇಲಾಖೆಗಳ ಮೇಜುಗಳನ್ನು ದಾಟಿ ಬರಬೇಕಿತ್ತು. ಸಂಘಂ ರೇಡಿಯೊ ದಾಟಿ ಬಂತು. 2008ರ ಅಕ್ಟೋಬರ್ 15ರಂದು, ಅಂತರರಾಷ್ಟ್ರೀಯ ಗ್ರಾಮೀಣ ಮಹಿಳಾ ದಿನ, ಮಾಚನೂರಿನಲ್ಲಿ ಅದನ್ನು ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್. ಹದಿಮೂರು ವರ್ಷದ ಹಿಂದೆ ತರಂಗ ಜನರದ್ದು ಎಂದು ಬರೆದ ನ್ಯಾಯಾಧೀಶರು, ಜನರಲ್ಲೇ ಕಡೆಯವರೆನಿಸಿಕೊಂಡವರು ಅದನ್ನು ವಶಕ್ಕೆ ಪಡೆಯುವುದನ್ನು ಕಣ್ಣಾರೆ ಕಂಡರು. ಸರ್ಕಾರೇತರ ಸಂಸ್ಥೆಯೊಂದಕ್ಕೆ ಸೇರಿದ ದೇಶದ ಮೊದಲ ಸಮುದಾಯ ಬಾನುಲಿ ಇದು. 90.4 ಮೆಗಾಹರ್ಟ್ಸ್‌ನಲ್ಲಿ, ಆರಂಭದಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ.

ಕೇಂದ್ರವನ್ನು ನಡೆಸಿದವರು ಇಬ್ಬರು ನರ್ಸಮ್ಮಂದಿರು: ‘ಜನರಲ್’ ನರ್ಸಮ್ಮ ಮತ್ತು ಆಲ್ಗೋಲು ನರ್ಸಮ್ಮ. ಧ್ವನಿಮುದ್ರಣ, ಸಂಕಲನ, ಪ್ರಸಾರ ಎಲ್ಲ ಅವರದೇ. ಸಂಜೆ ಏಳು ಗಂಟೆ ಎಂಬುದೇ ಒಂದು ನಿರ್ಧಾರ. ಹೊಲದಿಂದ ಬಂದು, ಒಲೆ ಹೊತ್ತಿಸಿ, ಕೈ ಸ್ವಲ್ಪ ಬಿಡುವಾಗುವ ಹೊತ್ತು ಅದು. ಕಾರ್ಯಕ್ರಮದ ಪಟ್ಟಿ ಹೊಲದ ಪಂಚಾಂಗವನ್ನು ಅನುಸರಿಸುತ್ತದೆ: ಯಾವ ಮಳೆಗೆ ಏನು ಬಿತ್ತಬೇಕು, ಬೀಜಕ್ಕೆ ಹುಳು ಬೀಳದಂತೆ ಏನು ಮಾಡಬೇಕು, ಹೊಲದಲ್ಲಿ ತಾನಾಗಿ ಹುಟ್ಟುವ ಯಾವ ಸೊಪ್ಪು ಬಾಣಂತಿಗೆ ಒಳ್ಳೆಯದು. ಬತುಕಮ್ಮ ಹಬ್ಬದ ಹಾಡು, ನಾಟಿ ಮಾಡುವಾಗಿನ ಹಾಡು, ಅಜ್ಜಿಯರ ಕಥೆ, ಮಕ್ಕಳ ಆಟ, ಹೆಂಗಸರ ಮೇಲಿನ ದೌರ್ಜನ್ಯದ ಮಾತು ಎಲ್ಲವೂ ಅಲ್ಲಿವೆ. ಹಾಡುವವರಿಗೆ ಧ್ವನಿ ಪರೀಕ್ಷೆ ಇಲ್ಲ.

ಭಾಷೆಯ ವಿಷಯ ಸಣ್ಣದಲ್ಲ. ಹೈದರಾಬಾದಿನ ಬಾನುಲಿಯಲ್ಲಿ ಕೇಳಿಸುತ್ತಿದ್ದ ತೆಲುಗು ಕರಾವಳಿ ಆಂಧ್ರದ ಓದಿದವರ ತೆಲುಗು. ಮೆದಕ್ಕಿನ ಮಾತು ಅಲ್ಲಿ ಬಂದರೆ ನಗಿಸುವ ಪಾತ್ರದ ಬಾಯಿಂದ ಬರುತ್ತಿತ್ತು. ಬೀದರ್, ಕಲಬುರಗಿಯ ಕನ್ನಡ ನಮ್ಮ ಸಿನಿಮಾಗಳಲ್ಲಿ ಯಾರ ಬಾಯಿಗೆ ಬಿದ್ದಿತ್ತು ಎಂದು ನೆನೆದುಕೊಂಡರೆ ನಮಗಿದು ತಟ್ಟನೆ ಅರ್ಥವಾಗುತ್ತದೆ. ಆಡುವ ಮಾತೇ ಅಪಹಾಸ್ಯವಾದಾಗ ಜನ ಬಾಯಿ ಮುಚ್ಚುತ್ತಾರೆ. ಸಂಘಂ ರೇಡಿಯೊದಲ್ಲಿ ನಿರೂಪಕಿಯೂ ಕೇಳುಗರೂ ಒಂದೇ ಮಾತಾಡುತ್ತಾರೆ. ಬೀಜದ ಹೆಸರು, ಸೊಪ್ಪಿನ ಹೆಸರು, ರೋಗದ ಹೆಸರು ಊರು ಹೇಳಿದಂತೆಯೇ ಇರುತ್ತದೆ. ಪ್ರಮಾಣ ಭಾಷೆಗೆ ತಿರುಗಿಸುವಾಗ ಆ ಹೆಸರುಗಳು ಉದುರಿಹೋಗುತ್ತವೆ, ಹೆಸರು ಹೋದ ತಳಿಯೂ ಹೆಚ್ಚು ದಿನ ಉಳಿಯುವುದಿಲ್ಲ.

ಪ್ರತಿ ವರ್ಷ ಸಂಕ್ರಾಂತಿಯಂದು ಹೊರಡುವ ‘ಪಾತ ಪಂಟಲ ಜಾತರ’ ಈ ಕೆಲಸಗಳೆಲ್ಲ ಒಂದಾಗುವ ಜಾಗ. ಹಳೆಯ ತಳಿಗಳ ಬೀಜ ಹೇರಿಕೊಂಡ ಸಿಂಗರಿಸಿದ ಎತ್ತಿನ ಬಂಡಿಗಳು ಸುಮಾರು ಒಂದು ತಿಂಗಳು ಊರಿಂದೂರಿಗೆ ಹೋಗುತ್ತವೆ. ಬಂಡಿ ನಿಂತ ಊರಿನಲ್ಲಿ ಹೆಂಗಸರ ಚಿತ್ರಗಳ ಪ್ರದರ್ಶನ, ಬೇಸಾಯದ ಚರ್ಚೆ. ರೇಡಿಯೊದವರು ಅಲ್ಲೇ ಧ್ವನಿಮುದ್ರಿಸಿಕೊಳ್ಳುತ್ತಾರೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ಪ್ರಯತ್ನಗಳಿವೆ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಶ್ರೀಪಡ್ರೆ ಅವರ ಸಂಪಾದಕತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟು, ಕೃಷಿ ಬರವಣಿಗೆಯ ದಿಕ್ಕನ್ನು ತಿರುಗಿಸಿತು. ದಲಿತ ಸಂಘರ್ಷ ಸಮಿತಿಯ ಹೊತ್ತಿನ ‘ಪಂಚಮ’ ಕೇರಿಯ ಸಿಟ್ಟನ್ನು ಕೇರಿಯವರೇ ಅಚ್ಚು ಹಾಕಿದ ಪತ್ರಿಕೆ. ಅದರ ಹಿಂದೆ 1920ರ ಅಂಬೇಡ್ಕರರ ‘ಮೂಕನಾಯಕ’ ಇದೆ. ಇವೆಲ್ಲ ಅಕ್ಷರ ಬಲ್ಲವರಿಂದ ಶುರುವಾದವು. ಅಕ್ಷರದ ಹೊಸಿಲು ದಾಟಲಾಗದೆ ಹೊರಗುಳಿದವರು ಸಂಘಂ ರೇಡಿಯೊ ಮತ್ತು ವಿಡಿಯೊ ತಂಡದಲ್ಲಿ ನೇರವಾಗಿ ಒಳಗೆ ಬಂದರು. ಓದು ಬಾರದವರು ಮಾಧ್ಯಮಕ್ಕೆ ವಿಷಯವಾಗಬಹುದೇ ಹೊರತು ಕರ್ತೃಗಳಾಗಲಾರರು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ನಮ್ಮೊಳಗೂ ಇದೆ ಎಂದು ಕರ್ನಾಟಕದ ಸಮುದಾಯ ಬಾನುಲಿಗಳು ಕೇಳಿಕೊಳ್ಳಬೇಕು. ನಮ್ಮಲ್ಲಿ ಪರವಾನಗಿ ಪಡೆದ ಎಷ್ಟೋ ಕೇಂದ್ರಗಳು ಕಾಲೇಜಿನ ಕಾಂಪೌಂಡಿನೊಳಗಿವೆ. ಅವು ಒಳ್ಳೆಯ ಕೆಲಸ ಮಾಡುತ್ತಿರಬಹುದು. ಆದರೆ ಮೈಕಿನ ಮುಂದೆ ಯಾರು ಕೂರಬೇಕು, ಎಷ್ಟು ಹೊತ್ತಿಗೆ, ಯಾವ ಮಾತಿನಲ್ಲಿ ಎಂಬುದನ್ನು ಅಲ್ಲಿ ಕೇರಿ ತೀರ್ಮಾನಿಸುವುದಿಲ್ಲ.

2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸೊಸೈಟಿಗೆ ಬಂತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಆ ಮಾರ್ಚ್ 18ರಂದು ದೆಹಲಿಯಲ್ಲಿ ಪ್ರಧಾನಿ ಜಾಗತಿಕ ಸಿರಿಧಾನ್ಯ ಸಮ್ಮೇಳನ ಉದ್ಘಾಟಿಸಿದರು. ಮರುದಿನ, 19ರಂದು, ಸತೀಶ್ ತೀರಿಕೊಂಡರು. ಸಿರಿಧಾನ್ಯ ಈಗ ನಗರದ ಅಂಗಡಿಗಳಲ್ಲಿ ಒಳ್ಳೆಯ ಬೆಲೆಗೆ ಸಿಗುತ್ತದೆ. ಯಾರೂ ಕೇಳದಿದ್ದ ಕಾಲದಲ್ಲಿ ಅದರ ಬೀಜವನ್ನೂ ಅದರ ಮಾತನ್ನೂ ಕಾಪಾಡಿದ ಹೆಂಗಸರ ಹೆಸರು ಆ ಪೊಟ್ಟಣಗಳ ಮೇಲಿಲ್ಲ. ಸಂಸ್ಥೆ ಕಟ್ಟಿದವರು ಹೋದ ಮೇಲೆ ಸಂಸ್ಥೆ ಯಾರದಾಗುತ್ತದೆ ಎಂಬ ಪ್ರಶ್ನೆಗೆ ಪಸ್ತಾಪುರ ಮೊದಲೇ ಒಂದು ಸಿದ್ಧತೆ ಮಾಡಿಕೊಂಡಿತ್ತು. ವಿಡಿಯೊ ತಂಡವನ್ನು ಬೇರೆ ಟ್ರಸ್ಟ್ ಮಾಡಿದ್ದು, ರೇಡಿಯೊವನ್ನು ಹೆಂಗಸರ ಕೈಗೇ ಬಿಟ್ಟದ್ದು ಆ ಸಿದ್ಧತೆಯ ಭಾಗ. ನಾಯಕರ ನೆರಳಿನಲ್ಲಿ ಬೆಳೆದ ಎಷ್ಟೋ ಕನ್ನಡದ ಸಂಸ್ಥೆಗಳು ಇದನ್ನು ಮಾಡದೆ ಕೆಟ್ಟಿವೆ.

ಬಾಕಿ ಉಳಿದಿರುವ ಜಗಳ ಒಂದಿದೆ. 1885ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. 2024ರಲ್ಲಿ ಸಮುದಾಯ ರೇಡಿಯೊ ಮಾರ್ಗಸೂಚಿಯೂ ಪರಿಷ್ಕೃತವಾಯಿತು. ಜಾಹೀರಾತಿನ ಸಮಯ ಗಂಟೆಗೆ ಹನ್ನೆರಡು ನಿಮಿಷಕ್ಕೆ ಏರಿತು. ಸ್ವಂತ ಸುದ್ದಿಯ ಮೇಲಿನ ನಿಷೇಧ ಹಾಗೇ ಉಳಿಯಿತು. ವಾರಂಗಲ್ಲಿನ ಹೊಲಗಳಿಂದ ವರ್ಷವಿಡೀ ಸಾಕ್ಷ್ಯ ತಂದು ಒಂದು ದೇಶದ ಚರ್ಚೆಯನ್ನು ಬದಲಿಸಬಲ್ಲ ಹೆಂಗಸರು ತಮ್ಮೂರಿನ ಪಡಿತರ ಅಂಗಡಿಯಲ್ಲಿ ಈ ತಿಂಗಳು ಅಕ್ಕಿ ಬಂತೋ ಇಲ್ಲವೋ ಎಂಬುದನ್ನು ತಮ್ಮದೇ ರೇಡಿಯೊದಲ್ಲಿ ಸುದ್ದಿಯಾಗಿ ಓದುವಂತಿಲ್ಲ. ಪಸ್ತಾಪುರದ ಬೇಡಿಕೆ ಪತ್ರಕ್ಕೆ ಕಾಲು ಶತಮಾನವಾಯಿತು. ದೇಶದ ಸಮುದಾಯ ಬಾನುಲಿಗಳೆಲ್ಲ ಸೇರಿ ಕೇಳಬೇಕಾದ ಮುಂದಿನ ಹಕ್ಕು ಇದು, ಕರ್ನಾಟಕದ ಕೇಂದ್ರಗಳೂ ಆ ಅರ್ಜಿಗೆ ಸಹಿ ಹಾಕಬೇಕು.